ಆರಳಂನ ಚಿಟ್ಟೆಗಳಿಗೆ ಬ್ರಹ್ಮಗಿರಿಯ ಈ ಮಗ್ಗುಲಲ್ಲೂ ಆಸರೆ ಬೇಕು

ಮಾನ್ಯ ಸಂಪಾದಕರೇ,

ಕೊಡಗಿನ ಗಡಿಗೆ ಅಂಟಿಕೊಂಡಂತೆಯೇ ಇರುವ ಕಣ್ಣೂರು ಜಿಲ್ಲೆಯ ಆರಳಂ ವನ್ಯಜೀವಿ ಅಭಯಾರಣ್ಯವನ್ನು ಚಿಟ್ಟೆ ಅಭಯಾರಣ್ಯ ಎಂದು ಮರುನಾಮಕರಣ ಮಾಡಲು ಕೇರಳದ ರಾಜ್ಯ ವನ್ಯಜೀವಿ ಮಂಡಳಿ 2025ರಲ್ಲಿ ಒಪ್ಪಿಗೆ ನೀಡಿತು. ಹುಲಿಗೆ, ಆನೆಗೆ, ಹಕ್ಕಿಗಳಿಗೆ ಮೀಸಲಾದ ಕಾಡುಗಳನ್ನು ಕಂಡಿರುವ ನಮಗೆ ಚಿಟ್ಟೆಯ ಹೆಸರಿನಲ್ಲೊಂದು ಅಭಯಾರಣ್ಯವೆಂದರೆ ಹೊಸ ಮಾತು. ಆ ನಿರ್ಧಾರವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಚಳಿಗಾಲದಲ್ಲಿ ಆ ಕಣಿವೆಯನ್ನು ತುಂಬುವ ಚಿಟ್ಟೆಗಳು ಎಲ್ಲಿಂದ ಬರುತ್ತವೆ ಎಂದು ಕೇಳಿಕೊಂಡರೆ ವಿಷಯ ನೇರವಾಗಿ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ. ಅವು ಕೊಡಗಿನ ಬೆಟ್ಟಗಳ ಕಡೆಯಿಂದ ಇಳಿದು, ಆರಳಂ ಕಣಿವೆಯನ್ನು ಹಾದು, ವಯನಾಡಿನ ಕಾಡುಗಳತ್ತ ಸಾಗುತ್ತವೆ. ಬೆಟ್ಟದ ಆ ಮಗ್ಗುಲಲ್ಲಿ ಅವುಗಳಿಗೆ ಸಿಕ್ಕಿರುವ ಮನ್ನಣೆಗೆ ತಕ್ಕಂತೆ ಈ ಮಗ್ಗುಲಲ್ಲಿ ನಾವು ಏನನ್ನೂ ಮಾಡಿಲ್ಲ. ದಕ್ಷಿಣ ಕೊಡಗಿನಲ್ಲಿ ಕಾಫಿ ಬೆಳೆಯುತ್ತ, ಈ ಚಿಟ್ಟೆಗಳ ಹಾರಾಟವನ್ನು ವರ್ಷವರ್ಷವೂ ನೋಡುತ್ತ ಬಂದವನಾಗಿ ಈ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಮತ್ತು ನನ್ನಂತಹ ಬೆಳೆಗಾರರ ಗಮನ ಸೆಳೆಯಲು ಬಯಸುತ್ತೇನೆ.

ಮೊದಲು ಆ ನೆಲದ ಪರಿಚಯ ಹೇಳಬೇಕು. ಆರಳಂ ದೊಡ್ಡ ಕಾಡಲ್ಲ. 1984ರಲ್ಲಿ ಅಭಯಾರಣ್ಯವಾದ ಅದರ ವಿಸ್ತೀರ್ಣ 55 ಚದರ ಕಿಲೋಮೀಟರ್ ಮಾತ್ರ. ಅದರ ದಕ್ಷಿಣದ ಅಂಚಿನಲ್ಲಿ ಚೀಂಕಣ್ಣಿ ಹೊಳೆ ಹರಿಯುತ್ತದೆ. ಚೀಂಕಣ್ಣಿ ಎಂದರೆ ಮಲಯಾಳಂನಲ್ಲಿ ಮೊಸಳೆ. ಮೊಸಳೆಯ ಹೆಸರು ಹೊತ್ತ ಹೊಳೆ ಇಂದು ಚಿಟ್ಟೆಗಳಿಂದ ಹೆಸರಾಗಿದೆ. ಇಷ್ಟು ಚಿಕ್ಕ ಕಾಡಿನಲ್ಲಿ 260ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳು ದಾಖಲಾಗಿವೆ. ಕೇರಳ ರಾಜ್ಯದಲ್ಲಿ ಕಂಡುಬಂದಿರುವ ಒಟ್ಟು ಜಾತಿಗಳಲ್ಲಿ ಇದು ಬಹುಪಾಲು. ಆರಳಂನ ಬೆನ್ನಿಗೆ ನಮ್ಮ ಬ್ರಹ್ಮಗಿರಿ ವನ್ಯಜೀವಿ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾದ ಅದರ ವಿಸ್ತೀರ್ಣ 181 ಚದರ ಕಿಲೋಮೀಟರ್, ಅಂದರೆ ಆರಳಂನ ಮೂರು ಪಟ್ಟಿಗೂ ಹೆಚ್ಚು. ಇದೇ ಬ್ರಹ್ಮಗಿರಿಯ ಒಂದು ಕಡೆಯಿಂದ ಲಕ್ಷ್ಮಣತೀರ್ಥ ಹುಟ್ಟಿ ಇರ್ಪುವಿನಲ್ಲಿ ಧುಮುಕಿ ಪೂರ್ವಕ್ಕೆ ಕಾವೇರಿಯನ್ನು ಸೇರಿದರೆ, ಇನ್ನೊಂದು ಕಡೆಯ ನೀರು ಬರಪೊಳೆಯಾಗಿ, ಮಾಕುಟ್ಟದ ತೊರೆಗಳಾಗಿ ಪಶ್ಚಿಮಕ್ಕಿಳಿದು ವಳಪಟ್ಟಣಂ ನದಿಯಲ್ಲಿ ಒಂದಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಚೀಂಕಣ್ಣಿ ಹೊಳೆಯೂ ಕೊನೆಗೆ ಸೇರುವುದು ಅದೇ ವಳಪಟ್ಟಣಂ ನದಿಯನ್ನು. ನಕ್ಷೆಯಲ್ಲಿ ಗಡಿಯ ಗೆರೆ ಬೆಟ್ಟದ ಮೇಲೆ ಹಾದುಹೋಗಿರಬಹುದು. ನೀರಿನ ಲೆಕ್ಕದಲ್ಲಿ, ಕಾಡಿನ ಲೆಕ್ಕದಲ್ಲಿ ಇದು ಒಂದೇ ಕಣಿವೆ.

ಡಿಸೆಂಬರ್ ಕಳೆದು ಜನವರಿ ಹಿಡಿಯುವ ಹೊತ್ತಿಗೆ, ಮಂಜು ಸರಿದು ಬಿಸಿಲು ಏರುತ್ತಿದ್ದಂತೆ, ಬೆಳಗಿನ ಒಂಬತ್ತು ಗಂಟೆಯಿಂದ ಈ ಕಣಿವೆಯಲ್ಲಿ ಬಿಳಿಯ ಚಿಟ್ಟೆಗಳ ಸಾಲು ಕಾಣಿಸಿಕೊಳ್ಳುತ್ತದೆ. ಇವುಗಳಿಗೆ ಆಲ್ಬಟ್ರಾಸ್ ಎಂದು ಹೆಸರು. ಗಂಡು ಬೆಳ್ಳಗಿರುತ್ತದೆ, ಮುಂರೆಕ್ಕೆಯ ತುದಿಯಲ್ಲಿ ತೆಳುವಾದ ಕಪ್ಪು ಅಂಚು. ಹೆಣ್ಣುಗಳಲ್ಲಿ ಕೆಲವಕ್ಕೆ ಹಳದಿ ಛಾಯೆ. ತೋಟದ ಹೂಗಳ ಮೇಲೆ ಸುಳಿದಾಡುವ ಚಿಟ್ಟೆಗಳಂತೆ ಇವು ಅತ್ತಿತ್ತ ತಿರುಗುವುದಿಲ್ಲ. ಹೊಳೆಯ ಪಾತ್ರವನ್ನೇ ದಾರಿ ಮಾಡಿಕೊಂಡು, ಆಳೆತ್ತರದಲ್ಲಿ, ಎಲ್ಲವೂ ಒಂದೇ ದಿಕ್ಕಿಗೆ, ಯಾರೋ ಕರೆದಂತೆ ಹೋಗುತ್ತಲೇ ಇರುತ್ತವೆ. ದಾಟಿ ಹೋದದ್ದನ್ನು ಎಣಿಸಲು ಹೊರಟರೆ ಒಂದೆರಡು ನಿಮಿಷಗಳಲ್ಲೇ ಲೆಕ್ಕ ತಪ್ಪುತ್ತದೆ. ಆರಳಂನಲ್ಲಿ ಅರಣ್ಯ ಇಲಾಖೆ ಮತ್ತು ನಿಸರ್ಗಾಸಕ್ತರು ಸೇರಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಈ ವಲಸೆಯನ್ನು ಪ್ರತಿವರ್ಷ ಎಣಿಸುತ್ತ ಬಂದಿದ್ದಾರೆ. ನಿಗದಿತ ಜಾಗದಲ್ಲಿ ನಿಂತು, ಐದೈದು ನಿಮಿಷಗಳ ಅವಧಿಯಲ್ಲಿ ತಮ್ಮ ಮುಂದೆ ಹಾದುಹೋದ ಚಿಟ್ಟೆಗಳನ್ನು ಲೆಕ್ಕ ಹಾಕುವ ಸರಳ ಕ್ರಮವದು. ಆ ಕಾಡಿಗೆ ಇಂದು ಸಿಕ್ಕಿರುವ ಹೆಸರಿನ ಹಿಂದೆ ಇಂತಹ ತಾಳ್ಮೆಯ ದುಡಿಮೆಯಿದೆ.

ಬಿಸಿಲು ಬಲಿತಂತೆ ಗುಂಪಿನ ಒಂದು ಭಾಗ ಹೊಳೆಯಂಚಿನ ಒದ್ದೆ ಮರಳಿನ ಮೇಲೆ ಇಳಿಯುತ್ತದೆ. ಹೀಗೆ ಇಳಿದು ಕೂತವನ್ನು ನಾನು ಮಂಡಿಯೂರಿ, ಅಂಗೈ ಅಗಲದ ದೂರದಿಂದ ನೋಡಿದ್ದೇನೆ. ರೆಕ್ಕೆಗಳನ್ನು ಬೆನ್ನ ಮೇಲೆ ಒಟ್ಟಿಗೆ ಮಡಿಚಿ, ಒಂದಕ್ಕೊಂದು ತಾಗುವಷ್ಟು ಒತ್ತಾಗಿ, ಬಹುಪಾಲು ಒಂದೇ ಕಡೆ ಮುಖ ಮಾಡಿ ಕೂತಿರುತ್ತವೆ. ಸುರುಳಿ ಬಿಚ್ಚಿದ ಹೀರುನಾಳ ಮರಳಿನ ಕಣಗಳ ನಡುವೆ ಇಳಿದಿರುತ್ತದೆ. ಆಗಾಗ ಹೊಟ್ಟೆಯ ತುದಿಯಿಂದ ನೀರಿನ ಸಣ್ಣ ಹನಿಯೊಂದು ಹೊರಬೀಳುತ್ತದೆ. ಅವಕ್ಕೆ ಬೇಕಿರುವುದು ಬರೀ ನೀರಲ್ಲ, ನೀರಿನಲ್ಲಿ ಕರಗಿರುವ ಉಪ್ಪಿನಂಶ. ಎಲೆ ತಿಂದು ಬೆಳೆದ ಜೀವಿಗೆ, ಹೂವಿನ ಮಕರಂದ ಕುಡಿಯುವ ಜೀವಿಗೆ ಸೋಡಿಯಂ ಸದಾ ಕೊರತೆ. ಹೀಗೆ ಹೀರಲು ಬರುವವು ಹೆಚ್ಚಾಗಿ ಗಂಡುಗಳು. ಹೀರಿ ಉಳಿಸಿಕೊಂಡ ಲವಣವನ್ನು ಅವು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ. ಅದು ಮೊಟ್ಟೆಗಳಿಗೆ ಬಲವಾಗುತ್ತದೆ. ಆದ್ದರಿಂದ ಹೊಳೆಯಂಚಿನ ಆ ಒದ್ದೆ ಮರಳನ್ನು ಮುಂದಿನ ಪೀಳಿಗೆಯ ಬುತ್ತಿ ಎನ್ನಬೇಕು. ನಾಲ್ಕು ಅಡಿ ಅಗಲದ ಆ ಮರಳಿನ ಮೇಲೆ ಒಬ್ಬರು ಜೀಪು ತೊಳೆದು ಸೋಪಿನ ನೀರು ಬಿಟ್ಟರೂ ಆ ದಿನದ ಬುತ್ತಿ ಹಾಳಾಯಿತು.

ಈ ಚಿಟ್ಟೆಗಳ ಮರಿಹುಳು ಏನು ತಿಂದು ಬೆಳೆಯುತ್ತದೆ ಎಂಬುದು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. ಆಲ್ಬಟ್ರಾಸ್‌ನ ಹೆಣ್ಣು ಸಿಕ್ಕ ಗಿಡದ ಮೇಲೆಲ್ಲ ಮೊಟ್ಟೆ ಇಡುವುದಿಲ್ಲ. ಅದು ಹುಡುಕುವುದು ಡ್ರೈಪೆಟಿಸ್ ಎಂಬ ಗುಂಪಿನ ಕಾಡುಮರಗಳ ಎಳೆಯ ಚಿಗುರನ್ನು. ನಿತ್ಯಹರಿದ್ವರ್ಣ ಕಾಡಿನ ನೆರಳಿನಲ್ಲಿ ಬೆಳೆಯುವ ಈ ಮರಗಳು ನಮಗೆ ಪರಿಚಿತವಾದ ಪುತ್ರಂಜೀವ ಮರದ ಹತ್ತಿರದ ಬಂಧುಗಳು. ಈ ಎರಡೂ ಮರಗಳ ಎಲೆಯಲ್ಲಿ ಸಾಸಿವೆಯಲ್ಲಿರುವಂತಹದೇ ಘಾಟಿನ ರಾಸಾಯನಿಕವಿದೆ. ಸಾಸಿವೆಗೂ ಈ ಮರಗಳಿಗೂ ಸಸ್ಯಶಾಸ್ತ್ರದ ಪ್ರಕಾರ ಹತ್ತಿರದ ನಂಟಿಲ್ಲ. ಆದರೂ ಘಾಟು ಒಂದೇ. ಎಲೆಕೋಸಿನ ಹೊಲಕ್ಕೆ ಬರುವ ಬಿಳಿ ಚಿಟ್ಟೆಯೂ ನಮ್ಮ ಆಲ್ಬಟ್ರಾಸೂ ಒಂದೇ ಕುಟುಂಬದವು, ಎರಡಕ್ಕೂ ಆ ಘಾಟೇ ಗುರುತು. ಬೇರೆ ಹುಳುಗಳನ್ನು ದೂರವಿಡಲು ಮರ ಮಾಡಿಕೊಂಡ ಏರ್ಪಾಡನ್ನು ಈ ಕುಟುಂಬದ ಚಿಟ್ಟೆಗಳು ತಮ್ಮ ಮನೆಯ ವಿಳಾಸವನ್ನಾಗಿ ಮಾಡಿಕೊಂಡಿವೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆರಳಂನಲ್ಲಿ ಚಿಟ್ಟೆಗಳು ಹಾದುಹೋಗುವ ದಾರಿಯನ್ನು ಎಷ್ಟೇ ಕಾದರೂ, ಹುಳು ಹುಟ್ಟಿ ಬೆಳೆಯುವ ಮರಗಳು ಮೇಲಿನ ಬೆಟ್ಟಗಳಲ್ಲಿ ಉಳಿಯದಿದ್ದರೆ ಆ ದಾರಿಯಲ್ಲಿ ಹಾದುಹೋಗಲು ಯಾರೂ ಇರುವುದಿಲ್ಲ. ಡ್ರೈಪೆಟಿಸ್‌ಗೆ ಮರದ ವ್ಯಾಪಾರದಲ್ಲಿ ಹೆಸರಿಲ್ಲ, ಬೆಲೆಯಿಲ್ಲ. ಬೀಟೆಯನ್ನು ಮುಟ್ಟಿದರೆ ಕೇಳುವವರಿದ್ದಾರೆ. ಇದನ್ನು ಕಡಿದರೆ ಸೌದೆ ಎಂದು ಬರೆದುಕೊಂಡು ಮುಗಿಸುತ್ತೇವೆ.

ಅಭಯಾರಣ್ಯದ ಒಳಗಿನ ಮರಗಳಿಗೆ ಕಾನೂನಿನ ಬಲವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ಯಾವ ವನ್ಯಜೀವಿಯ ನೆಲೆಯನ್ನೂ ಹಾಳುಮಾಡುವಂತಿಲ್ಲ. ಹೊರಗಿನ ಮರಗಳಿಗೆ ಇರುವುದು ನಮ್ಮ ಹಿರಿಯರು ಕಟ್ಟಿಕೊಟ್ಟ ಭಯಭಕ್ತಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ. ಕೆಲವು ನೂರಾರು ಎಕರೆ, ಬಹಳಷ್ಟು ಒಂದೆರಡು ಎಕರೆಯ ತುಂಡುಗಳು. ತೋಟಗಳ ನಡುವೆ ದ್ವೀಪಗಳಂತೆ ಉಳಿದ ಈ ತುಂಡುಗಳಲ್ಲಿ ಹಳೆಯ ಕಾಡಿನ ಮರಗಳು, ಅವುಗಳ ಬುಡದಲ್ಲಿ ಬಳ್ಳಿಗಳು, ಬಳ್ಳಿಗಳ ಮೇಲೆ ಹುಳುಗಳು ಇನ್ನೂ ಇವೆ. ದೂರ ಹಾರುವ ಚಿಟ್ಟೆಗೆ ಇವು ತಂಗುದಾಣಗಳು. ಹಬ್ಬಕ್ಕೆ ಮುಂಚೆ ದೇವರಕಾಡನ್ನು ‘ಚೊಕ್ಕಟ’ ಮಾಡುವ ಹೆಸರಿನಲ್ಲಿ ಕೆಳಗಿನ ಗಿಡಗಂಟಿಗಳನ್ನೆಲ್ಲ ಸವರಿ, ಗುಡಿಯ ಸುತ್ತ ಸಿಮೆಂಟ್ ಹಾಸುವ ಪದ್ಧತಿ ಈಚೆಗೆ ಹಲವು ಕಡೆ ಶುರುವಾಗಿದೆ. ದೇವಸ್ಥಾನ ಸಮಿತಿಗಳ ಹಿರಿಯರಲ್ಲಿ ನನ್ನ ವಿನಂತಿಯೇನೆಂದರೆ, ದಾರಿಯಷ್ಟನ್ನು ಬಿಡಿಸಿಕೊಂಡು ಉಳಿದದ್ದನ್ನು ಇದ್ದಂತೆಯೇ ಬಿಡಿ. ಕಾಡೇ ದೇವರ ಮನೆ ಎಂದು ನಮಗೆ ಹೇಳಿಕೊಟ್ಟವರು ಅವರೇ ಅಲ್ಲವೇ.

ಇನ್ನು ತೋಟಗಳ ಮಾತು. ಇಲ್ಲಿ ನಾನು ಬೇರೆಯವರನ್ನು ದೂರುವ ಮುನ್ನ ನನ್ನನ್ನೇ ಕೇಳಿಕೊಳ್ಳಬೇಕು. ರೊಬಸ್ಟಾ ಕಾಫಿಗೆ ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಕೆರೆಯಿದ್ದವರು ಕೆರೆಯಿಂದ, ಇಲ್ಲದವರು ತೊರೆಗೆ ಪಂಪು ಇಳಿಸಿ ನೀರೆತ್ತುತ್ತಾರೆ. ಒಂದೇ ತೊರೆಯುದ್ದಕ್ಕೂ ನಾಲ್ಕಾರು ಪಂಪುಗಳು ಹಗಲುರಾತ್ರಿ ಓಡಿದರೆ ಕೆಳಗಿನ ಪಾತ್ರ ಎರಡೇ ದಿನಗಳಲ್ಲಿ ಬರಿದಾಗುತ್ತದೆ. ನಾನೂ ಹೀಗೆಯೇ ಮಾಡುತ್ತಿದ್ದೆ. ಒಂದು ವರ್ಷ ಫೆಬ್ರುವರಿಯಲ್ಲಿ ನೀರು ಹಾಯಿಸಿದ ಮಾರನೆಯ ದಿನ ಪಂಪಿನ ಫುಟ್‌ವಾಲ್ವ್ ಬಿಚ್ಚಲು ಕೆಳಗಿಳಿದಾಗ, ಹಿಂದಿನ ವಾರವಷ್ಟೇ ಬಿಳಿ ಹಾಸಿದಂತೆ ಚಿಟ್ಟೆಗಳು ಕೂತಿದ್ದ ಮರಳು ಬೂದಿಯ ಹಾಗೆ ಒಣಗಿತ್ತು. ಹತ್ತಿಪ್ಪತ್ತು ಚಿಟ್ಟೆಗಳು ಮಾತ್ರ ನನ್ನ ಪೈಪಿನ ಜೋಡಣೆಯಿಂದ ತೊಟ್ಟಿಕ್ಕುತ್ತಿದ್ದ ಜಾಗದಲ್ಲಿ, ಒಂದು ತಟ್ಟೆಯಷ್ಟು ಒದ್ದೆಯ ಮೇಲೆ, ಒಂದರ ಮೇಲೊಂದು ಹತ್ತಿಕೊಂಡಿದ್ದವು. ಆ ನೋಟ ನನ್ನನ್ನು ಬಹಳ ದಿನ ಕಾಡಿತು. ಮುಂದಿನ ವರ್ಷ ತೋಟದ ಮೇಲ್ಭಾಗದಲ್ಲಿದ್ದ ಹಳೆಯ ಕೆರೆಯ ಹೂಳೆತ್ತಿಸಿ ಮಳೆಗಾಲದ ನೀರು ನಿಲ್ಲಿಸಿಕೊಂಡೆ. ಖರ್ಚಾಯಿತು, ಆದರೆ ತೊರೆಗೆ ಪಂಪು ಇಳಿಸುವುದು ತಪ್ಪಿತು. ಎಲ್ಲರಿಗೂ ಇದು ಸಾಧ್ಯವಾಗದು ಎಂದು ನನಗೆ ಗೊತ್ತಿದೆ. ಆದ್ದರಿಂದಲೇ ಪಶ್ಚಿಮಕ್ಕೆ ಹರಿಯುವ ತೊರೆಗಳ ದಂಡೆಯಲ್ಲಿರುವ ಸಣ್ಣ ಬೆಳೆಗಾರರಿಗೆ ಕೆರೆ ತೋಡಲು, ಹೂಳೆತ್ತಲು ಕೊಡುವ ಸಹಾಯಧನದಲ್ಲಿ ಆದ್ಯತೆ ಸಿಗಬೇಕೆಂದು ಕೇಳುತ್ತಿದ್ದೇನೆ. ತೊರೆಯಿಂದಲೇ ಎತ್ತಬೇಕಾದವರು ಸರದಿಯ ಪ್ರಕಾರ ಎತ್ತುವ, ಪಾತ್ರದಲ್ಲಿ ಮೊಣಕಾಲು ಮಟ್ಟದ ಹರಿವನ್ನಾದರೂ ಉಳಿಸುವ ಒಪ್ಪಂದವನ್ನು ಊರವರು ಕೂತು ಮಾಡಿಕೊಳ್ಳಬಹುದು. ಗದ್ದೆಗೆ ನೀರು ಹಂಚಿಕೊಂಡು ಬಾಳಿದ ಊರುಗಳಿಗೆ ಇದು ಹೊಸದೇನಲ್ಲ.

ಕಳೆನಾಶಕದ ಮಾತನ್ನೂ ಹೇಳಲೇಬೇಕು. ಆಳು ಸಿಗುವುದಿಲ್ಲ ಎಂಬ ಕಾರಣಕ್ಕೆ ಕತ್ತಿ ಹಿಡಿದು ಕಳೆ ಕೊಚ್ಚುವ ಬದಲು ಸಿಂಪಡಿಸುವುದು ಹೆಚ್ಚಾಗಿದೆ. ಕಾಫಿ ಗಿಡಗಳ ಸಾಲಿನ ನಡುವೆ ಅದು ಎಷ್ಟು ಅಗತ್ಯ ಎಂಬುದನ್ನು ಬೆಳೆಗಾರರು ತಾವೇ ನಿರ್ಧರಿಸಲಿ. ಆದರೆ ಬೇಲಿ, ಚರಂಡಿ, ತೊರೆಯ ದಂಡೆಗಳಿಗೂ ಸಿಂಪಡಿಸಿ ಹಳದಿ ಮಾಡುವುದರಿಂದ ಬೆಳೆಗೆ ಆಗುವ ಲಾಭ ಏನೂ ಇಲ್ಲ. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ಅಂದರೆ ಕಪ್ಪು–ಹಳದಿ ರೆಕ್ಕೆಗಳ, ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಗೇಣಿಗೆ ಬರುವ ಆ ದೊಡ್ಡ ಚಿಟ್ಟೆ ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಜಾತಿಗಳ ಮೇಲೆ. ಆ ಬಳ್ಳಿ ಹಬ್ಬುವುದು ಇಂತಹ ಬೇಲಿಗಳಲ್ಲೇ. ನಾಡಿನ ಲಾಂಛನಗಳ ಸಾಲಿಗೆ ಸೇರಿಸಿ ಗೌರವಿಸಿದ ಜೀವಿಯ ಊಟದ ಬಳ್ಳಿಯನ್ನು ಕಳೆ ಎಂದು ಸುಡುತ್ತಿದ್ದೇವೆ. ಸಣ್ಣ ಗಿಡಗಳ ಕತೆಯೂ ಹೀಗೆಯೇ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಮಾಡುವ ಕಾಡುಗಿಡವನ್ನು ನಾವು ಚಿಕ್ಕಂದಿನಲ್ಲಿ ಆಟಕ್ಕೆ ಕೀಳುತ್ತಿದ್ದೆವು. ನೀಲಿ ಪಟ್ಟೆಯ ಬ್ಲೂ ಟೈಗರ್, ಕಪ್ಪು–ಕಂದು ಬಣ್ಣದ ಕ್ರೋ ಎಂಬ ಚಿಟ್ಟೆಗಳು ಆ ಗಿಡದ ಒಣ ಭಾಗಗಳನ್ನು ಕೆರೆದು ಹೀರುವ ಕ್ಷಾರಾಂಶವೇ ಅವುಗಳ ಮೈಗೆ ಕಹಿಯನ್ನೂ, ಗಂಡುಗಳಿಗೆ ಹೆಣ್ಣನ್ನು ಒಲಿಸುವ ಗಂಧವನ್ನೂ ಕೊಡುತ್ತದೆ. ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟದಿಂದ ಬಯಲುಸೀಮೆಯತ್ತ ಹಾರಿ, ಬೆಂಗಳೂರಿನವರೂ ತಲೆಯೆತ್ತಿ ನೋಡುವಂತೆ ಮಾಡುವ ವಲಸೆಗಾರರು ಇವೇ.

ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ಘಾಟಿ ರಸ್ತೆ ನನ್ನನ್ನು ಹೆಚ್ಚು ಬೇಸರಗೊಳಿಸುವ ಜಾಗ. ವಿರಾಜಪೇಟೆಯಿಂದ ಇರಿಟ್ಟಿಗೆ, ಕಣ್ಣೂರಿಗೆ ಹೋಗುವವರೆಲ್ಲ ಇದೇ ಕಾಡಿನ ದಾರಿಯಲ್ಲಿ ಹೋಗಬೇಕು. 2018ರ ಮಳೆಗೆ ಈ ಘಾಟಿಯಲ್ಲಿ ಹಲವೆಡೆ ಗುಡ್ಡ ಕುಸಿದದ್ದು ಓದುಗರಿಗೆ ನೆನಪಿರಬಹುದು. ಬೆಟ್ಟದ ಒರತೆಯ ನೀರು ತಿರುವುಗಳಲ್ಲಿ ರಸ್ತೆಯ ಮೇಲೆಯೇ ಜಿನುಗುತ್ತದೆ. ಚಿಟ್ಟೆಗಳಿಗೆ ಹೊಳೆಯ ಮರಳಾದರೂ ಒಂದೇ, ರಸ್ತೆಯ ಒದ್ದೆಯಾದರೂ ಒಂದೇ. ಅವು ಅಲ್ಲಿಯೂ ಗುಂಪಾಗಿ ಇಳಿಯುತ್ತವೆ. ಒಂದು ವಾಹನ ಹಾದುಹೋದ ನಂತರ ಡಾಂಬರಿನ ಮೇಲೆ ಬಿಳಿಯ ರೆಕ್ಕೆಗಳು ಅಂಟಿಕೊಂಡು, ಮುಂದಿನ ಗಾಡಿಯ ಗಾಳಿಗೆ ಜೀವವಿದ್ದಂತೆ ಮೇಲೇಳುತ್ತವೆ. ಎರಡು ವರ್ಷಗಳ ಹಿಂದೆ, ಚಿಟ್ಟೆಗಳು ಇಳಿಯುವ ತಿರುವುಗಳಲ್ಲಿ ಜನವರಿ–ಫೆಬ್ರುವರಿ ತಿಂಗಳಲ್ಲಾದರೂ ವೇಗಮಿತಿಯ ಫಲಕ ಹಾಕಬೇಕು, ಜಿನುಗುವ ನೀರು ರಸ್ತೆಗೆ ಬಾರದೆ ಪಕ್ಕದ ಚರಂಡಿಗೆ ಇಳಿಯುವಂತೆ ಮಾಡಬೇಕು ಎಂದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟಿದ್ದೆ. ಸ್ವೀಕೃತಿಯ ಮೊಹರು ಬಿತ್ತು, ಬೇರೇನೂ ಆಗಲಿಲ್ಲ. ಚಿಟ್ಟೆಗೋಸ್ಕರ ರಸ್ತೆಯೇ ಎಂದು ಕೇಳಿದವರೂ ಇದ್ದಾರೆ. ಅವರಿಗೆ ತೈವಾನಿನ ಉದಾಹರಣೆ ಹೇಳಬೇಕು. ನಮ್ಮ ಕ್ರೋ ಚಿಟ್ಟೆಯ ಕುಲಕ್ಕೇ ಸೇರಿದ ನೇರಳೆ ಚಿಟ್ಟೆಗಳು ಚಳಿಗಾಲವನ್ನು ದಕ್ಷಿಣದ ಕಣಿವೆಗಳಲ್ಲಿ ಕಳೆದು ವಸಂತದಲ್ಲಿ ಉತ್ತರಕ್ಕೆ ಮರಳುವಾಗ ಅಲ್ಲಿನ ದೊಡ್ಡ ಹೆದ್ದಾರಿಯೊಂದನ್ನು ದಾಟುತ್ತವೆ. 2007ರಲ್ಲಿ ಅಲ್ಲಿನ ಸರ್ಕಾರ ವಲಸೆಯ ಕಾಲಕ್ಕೆ ಹೆದ್ದಾರಿಯ ಒಂದು ಪಥವನ್ನು ಮುಚ್ಚಿ, ಚಿಟ್ಟೆಗಳು ವಾಹನಗಳ ಮೇಲಿಂದ ಹಾರುವಂತೆ ಬದಿಯಲ್ಲಿ ಎತ್ತರದ ಬಲೆ ಕಟ್ಟಿಸಿತು. ನಾವು ಕೇಳುತ್ತಿರುವುದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. ನಾಲ್ಕಾರು ತಿರುವುಗಳಿಗೆ ಫಲಕ, ಒಂದಷ್ಟು ಚರಂಡಿ ಕೆಲಸ, ಬೇಸಿಗೆಗೆ ಮುನ್ನ ರಸ್ತೆಬದಿಯ ಹೂಗಿಡಗಳನ್ನು ಯಂತ್ರದಿಂದ ಬೋಳಿಸುವುದನ್ನು ಮಾರ್ಚ್‌ವರೆಗೆ ಮುಂದೂಡುವುದು, ಇಷ್ಟೇ. ಬೆಂಕಿ ರೇಖೆಗೆ ಅಗತ್ಯವಿರುವಷ್ಟನ್ನು ಅರಣ್ಯ ಇಲಾಖೆ ಕಡಿಯುವುದಕ್ಕೆ ಯಾರ ಆಕ್ಷೇಪವೂ ಇರಲಾರದು.

ಚಿಟ್ಟೆಯ ಹೆಸರು ಬಂದೊಡನೆ ಪ್ರವಾಸೋದ್ಯಮದ ಮಾತೂ ಬರುತ್ತದೆ. ಈಗಲೇ ಎಚ್ಚರಿಕೆ ಹೇಳದಿದ್ದರೆ ಕಷ್ಟ. ಗ್ರೀಸ್ ದೇಶದ ರೋಡ್ಸ್ ದ್ವೀಪದಲ್ಲಿ ‘ಚಿಟ್ಟೆಗಳ ಕಣಿವೆ’ ಎಂದೇ ಹೆಸರಾದ, ತೊರೆ ಹರಿಯುವ ತಂಪು ಕಾಡೊಂದಿದೆ. ಬೇಸಿಗೆಯಲ್ಲಿ ಅಲ್ಲಿನ ಮರಗಳ ಕಾಂಡದ ಮೇಲೆ ಸಾವಿರಾರು ಪತಂಗಗಳು ನೆರಳನ್ನರಸಿ ಬಂದು ಕೂರುತ್ತವೆ. ಕೂತಾಗ ತೊಗಟೆಯ ಬಣ್ಣ, ಹಾರಿದಾಗ ಕೆಂಪು ಒಳರೆಕ್ಕೆ. ಆ ಕೆಂಪು ನೋಡಬೇಕೆಂದು ಪ್ರವಾಸಿಗರು ಚಪ್ಪಾಳೆ ತಟ್ಟಿ, ಶಿಳ್ಳೆ ಹಾಕಿ ಅವನ್ನು ಎಬ್ಬಿಸತೊಡಗಿದರು. ಕೂಡಿಟ್ಟ ಶಕ್ತಿಯಲ್ಲೇ ಮೊಟ್ಟೆಯಿಡುವವರೆಗಿನ ದಿನಗಳನ್ನು ಕಳೆಯಬೇಕಾದ ಆ ಜೀವಿಗಳು ವೃಥಾ ಹಾರಿ ಹಾರಿ ಸೊರಗಿದವು, ಸಂಖ್ಯೆ ಕುಗ್ಗಿತು. ಇಂದು ಅಲ್ಲಿ ಸದ್ದು ಮಾಡಬಾರದೆಂಬ ಕಟ್ಟಳೆಯಿದೆ. ನಮ್ಮಲ್ಲಿಯೂ ಮರಳಿನ ಮೇಲೆ ಕೂತ ಗುಂಪಿನ ನಡುವೆ ಓಡಿ, ಚಿಟ್ಟೆಗಳು ಎದ್ದು ಮೋಡವಾಗುವುದನ್ನು ಮೊಬೈಲಿನಲ್ಲಿ ಹಿಡಿಯುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಡುಕಿನ ಉದ್ದೇಶ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಆದ್ದರಿಂದ ಈ ಕಣಿವೆಯಲ್ಲಿ ಧ್ವನಿವರ್ಧಕದ ಉತ್ಸವ, ಹೊಳೆದಂಡೆಯ ರೆಸಾರ್ಟು, ಚಿಟ್ಟೆ ವೀಕ್ಷಣೆಯ ಹೆಸರಿನ ಜೀಪು ಸವಾರಿ ಯಾವುದೂ ಬೇಡ. ಊರಿನ ಯುವಕರಿಗೆ, ಕಾಡನ್ನು ಬೆರಳತುದಿಯಲ್ಲಿ ಅರಿತ ಯರವ ಮತ್ತು ಕುರುಬ ಸಮುದಾಯದವರಿಗೆ ತರಬೇತಿ ಕೊಟ್ಟು, ನಡೆದುಕೊಂಡೇ ಹೋಗುವ ಸಣ್ಣ ಗುಂಪುಗಳಿಗೆ ಅವರನ್ನು ಮಾರ್ಗದರ್ಶಿಗಳನ್ನಾಗಿ ನೇಮಿಸಿದರೆ ಸಾಕು.

ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನ ಸಾವಿರಾರು ಶಾಲಾ ಮಕ್ಕಳಿಗೆ ಹುಳು, ಗೂಡು, ಚಿಟ್ಟೆಯ ಬದುಕನ್ನು ತೋರಿಸಿಕೊಟ್ಟಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಗುಮ್ಮಟದ ಕೆಳಗೆ ಸಾಕಲಾಗುವುದು ಕೆಲವೇ ಜಾತಿಗಳನ್ನು. ಸಾವಿರಗಟ್ಟಲೆ ಒಟ್ಟಿಗೆ ಹಾರಿ ಬೆಟ್ಟ ದಾಟುವ ಚಿಟ್ಟೆಗೆ ಗುಮ್ಮಟ ಕಟ್ಟಲಾಗದು. ಆದ್ದರಿಂದ ಕೊಡಗಿನಲ್ಲೊಂದು ಚಿಟ್ಟೆ ಪಾರ್ಕ್ ಮಾಡಿಬಿಡೋಣ ಎಂಬ ಸಲಹೆ ಬಂದರೆ, ಆ ಹಣವನ್ನು ತೊರೆದಂಡೆಗಳಿಗೆ ಖರ್ಚು ಮಾಡಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ.

ನನ್ನ ನೆರೆಹೊರೆಯ ಬೆಳೆಗಾರರಿಗೆ ಇರುವ ಅಂಜಿಕೆಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಬಂದಾಗಲೆಲ್ಲ ಕೊಡಗಿನಲ್ಲಿ ಪ್ರತಿಭಟನೆಗಳಾಗಿವೆ. ಚಿಟ್ಟೆ ಎಂದರೆ ಇನ್ನೊಂದು ಗೆರೆ, ಇನ್ನೊಂದು ನೋಟಿಸು ಎಂದು ಅವರು ಭಾವಿಸಿದರೆ ಅದರಲ್ಲಿ ಅವರ ತಪ್ಪಿಲ್ಲ. ಹೇಳದೆ ಕೇಳದೆ ಗೆರೆ ಎಳೆದ ಅನುಭವ ಅವರಿಗಿದೆ. ಆದರೆ ನಾನು ಕೇಳುತ್ತಿರುವ ಯಾವುದಕ್ಕೂ ಹೊಸ ಗಡಿ ಬೇಕಿಲ್ಲ. ಬ್ರಹ್ಮಗಿರಿ ಈಗಾಗಲೇ ಅಭಯಾರಣ್ಯ. ಅದರ ನಿರ್ವಹಣಾ ಯೋಜನೆಯಲ್ಲಿ ಚಿಟ್ಟೆಗಳಿಗೂ ಅವುಗಳ ಆಹಾರದ ಮರಗಳಿಗೂ ಒಂದು ಅಧ್ಯಾಯ ಸೇರಿಸಿದರೆ ಯಾರ ಜಮೀನೂ ಹೋಗುವುದಿಲ್ಲ. ತೋಟದವರಿಂದ ಬೇಕಿರುವುದು ಮನಸ್ಸು. ಅದನ್ನು ಆದೇಶದಿಂದ ಪಡೆಯಲಾಗದು, ವಿಶ್ವಾಸದಿಂದ ಪಡೆಯಬಹುದು.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಎಣಿಕೆ. ಆರಳಂನಲ್ಲಿ ಎಣಿಸುವ ದಿನಗಳಲ್ಲೇ, ಅದೇ ಐದು ನಿಮಿಷದ ಕ್ರಮದಲ್ಲಿ, ಬ್ರಹ್ಮಗಿರಿಯ ನಮ್ಮ ಮಗ್ಗುಲಲ್ಲಿಯೂ ಎಣಿಕೆ ನಡೆಯಬೇಕು. ಮಾಕುಟ್ಟ, ಬರಪೊಳೆಯ ದಂಡೆ, ಇರ್ಪುವಿನ ಮೇಲಿನ ಹಾದಿ, ಬಿರುನಾಣಿ ಕಡೆಯ ತೊರೆಗಳು, ಹೀಗೆ ಕೆಲವು ಜಾಗಗಳನ್ನು ಗುರುತಿಸಿ ವರ್ಷವರ್ಷವೂ ಅಲ್ಲಿಯೇ ನಿಂತು ಎಣಿಸಬೇಕು. ಯಾವ ತೊರೆಯಿಂದ ಎಷ್ಟು ಚಿಟ್ಟೆಗಳು ಯಾವ ವಾರ ಇಳಿಯುತ್ತವೆ ಎಂಬುದು ಎರಡೂ ಕಡೆಯ ಲೆಕ್ಕ ಕೂಡಿದಾಗ ಮಾತ್ರ ತಿಳಿಯುತ್ತದೆ. ಯಾವ ಬೆಟ್ಟದ ಮರಗಳು ಇವುಗಳ ತವರು ಎಂಬುದೂ ಆಗಲೇ ಸ್ಪಷ್ಟವಾದೀತು. ಆನೆ ಗಣತಿಗೆ, ಹುಲಿ ಗಣತಿಗೆ ಎರಡು ರಾಜ್ಯಗಳ ಅರಣ್ಯ ಇಲಾಖೆಗಳು ಕೂತು ದಿನಾಂಕ ನಿಗದಿ ಮಾಡುವುದು ರೂಢಿಯಲ್ಲಿದೆ. ಇದಕ್ಕೂ ಒಮ್ಮೆ ಕೂರಲಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇಲ್ಲಿಂದ ಕೂಗಳತೆಯಲ್ಲಿದೆ. ಆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಊರಿನ ಶಾಲೆಯ ಮೇಷ್ಟ್ರುಗಳು, ಅರಣ್ಯ ವಾಚರ್‌ಗಳು, ತೋಟದ ಮೇಸ್ತ್ರಿಗಳೂ ಕೈಜೋಡಿಸಬಹುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಗಡಿಯಾರ, ಪುಸ್ತಕ, ಪೆನ್ಸಿಲ್ ಇದ್ದರೆ ಆಯಿತು.

ಅರಣ್ಯ ಇಲಾಖೆ ಬರುವ ಜನವರಿಗೆ ಒಂದು ದಿನಾಂಕ ಪ್ರಕಟಿಸಿದರೆ, ನನ್ನ ತೋಟದ ಕೆಳಗಿನ ತೊರೆಯ ದಂಡೆಯನ್ನು ಒಂದು ಎಣಿಕೆಯ ಜಾಗವಾಗಿ ಬಳಸಿಕೊಳ್ಳಲು ನನ್ನ ಸಂಪೂರ್ಣ ಒಪ್ಪಿಗೆಯಿದೆ. ಬಂದವರಿಗೆ ತಂಗಲು ಮನೆಯಿದೆ, ಊಟ ನಮ್ಮಲ್ಲೇ ಆಗುತ್ತದೆ. ಬಿಸಿಲೇರುವ ಮೊದಲೇ ದಂಡೆಯಲ್ಲಿ ಇರಬೇಕಾದ್ದರಿಂದ ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳುವುದು ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಕಾಫಿ ಬೆಳೆಗಾರರೊಬ್ಬರು
ವಿರಾಜಪೇಟೆ, ದಕ್ಷಿಣ ಕೊಡಗು